ಲೆಕ್ಕ ಶೀರ್ಷಿಕೆ: ಉದ್ಯಾನ

ಬ್ಯಾಡಗಿಗೆ ಫೆಬ್ರವರಿಯಲ್ಲಿ ಎರಡೇ ಕೆಲಸ,
ಪೇಟೆಯಲ್ಲಿ ಮೆಣಸಿನಕಾಯಿ, ಪುರಸಭೆಯಲ್ಲಿ ಬಜೆಟ್ಟು.
ಎರಡಕ್ಕೂ ಸೀನು ಬರುತ್ತದೆ.

ಕಿಟಕಿ ಮುಚ್ಚಿ, ಫ್ಯಾನು ಆರಿಸಿ
ಹೋದ ವರ್ಷದ ಕಡತ ಬಿಚ್ಚುತ್ತೇನೆ.
ಉದ್ಯಾನ ಮತ್ತು ಆಟದ ಸಾಮಗ್ರಿ: ನಾಲ್ಕು ಲಕ್ಷ.
ಅದರ ಹಿಂದಿನ ವರ್ಷವೂ ನಾಲ್ಕೇ.
ಅದಕ್ಕೂ ಹಿಂದೆ ನಾನು ಈ ಕುರ್ಚಿಗೆ ಬಂದಿರಲಿಲ್ಲ,
ಕೈಬರಹ ಬೇರೆ, ನಾಲ್ಕು ಲಕ್ಷ ಅದೇ.
ಖರ್ಚಿನ ಕಾಲಮ್ಮಿನಲ್ಲಿ ಒಂದು ಗೆರೆ.
ಸೊನ್ನೆ ಅಲ್ಲ, ಗೆರೆ.
ಸೊನ್ನೆ ಬರೆದರೆ ಯಾರಾದರೂ ಯಾಕೆ ಅಂದಾರು.

ದುಡ್ಡು ಕಳುವಾಗಿಲ್ಲ. ಠರಾವು ಮಾಡಿಯೇ ಹೋಯಿತು:
ಒಮ್ಮೆ ಗಟಾರಕ್ಕೆ,
ಒಮ್ಮೆ ಸುಟ್ಟ ಬೋರಿನ ಮೋಟಾರಿಗೆ,
ಒಮ್ಮೆ ಹಂದಿ ಹಿಡಿಯುವವರಿಗೆ.
ಯಾವುದನ್ನು ಬೇಡ ಅನ್ನಲಿ?
ನೀರು ಬಾರದ ಓಣಿ ಕೊಡ ಹಿಡಿದು ಬಾಗಿಲಿಗೆ ಬರುತ್ತದೆ.
ಜೋಕಾಲಿ ಇಲ್ಲದ ಮಗು ಅರ್ಜಿ ತಂದದ್ದನ್ನು
ಒಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಹಾಗಂತ ಉದ್ಯಾನ ಇಲ್ಲ ಅಂತಲ್ಲ.
ನಕ್ಷೆಯಲ್ಲಿದೆ, ಹಸಿರು ಚೌಕ, ಹನ್ನೊಂದು ಗುಂಟೆ.
ಕಲ್ಲಿದೆ, ಉದ್ಘಾಟಿಸಿದವರ ಹೆಸರುಗಳಿಗೆ
ಗಿಡಗಳಿಗಿಂತ ಹೆಚ್ಚು ಜಾಗ.
ಫಕ್ಕೀರವ್ವ ಇದ್ದಾಳೆ. ಆಕೆಯ ಕೂಲಿ ಬರುವುದು ಸಾದಿಲ್ವಾರಿನಲ್ಲಿ,
ಅಂದರೆ ಗುಂಡುಪಿನ್ನು, ಗೋಂದು, ಚಹಾ, ಹೂವಿನ ಹಾರ,
ಆಮೇಲೆ ಫಕ್ಕೀರವ್ವ.
ಈ ಸಲ ಮಾಲಿ ಅಂತ ತೋರಿಸಲೇನು ಎಂದರೆ ಕೈ ಆಡಿಸಿದಳು:
"ಬ್ಯಾಡ್ರಿ ಬಾಯಾರ, ಹೆಸರ ಬಂದ್ರ ಹುದ್ದೆ ಅಂತಾರ,
ಹುದ್ದೆ ಅಂದ್ರ ರದ್ದ ಮಾಡ್ತಾರ.
ನಾ ಗುಂಡುಪಿನ್ನಿನ ಕೂಡ ಆರಾಮ ಅದೀನಿ."

ಆಷಾಢದಲ್ಲಿ ಹಾವೇರಿಯಿಂದ ಆಡಿಟ್ ಬಂದಿತ್ತು.
ಹಿತ್ತಲಮನಿಯವರು. ಎರಡು ಪೆನ್ನು, ಒಂದು ಬುತ್ತಿ ಡಬ್ಬಿ.
ದಾಸ್ತಾನು ವಹಿ ಹಿಡಿದು ಸ್ವತಃ ನಡೆದು ಬಂದರು,
ಅಂಥವರು ಕಡಿಮೆ.
ಜಾರುಬಂಡಿ ಒಂದು: ಇದೆ. ತಗಡು ಹರಿದಿದೆ, ಆದರೂ ಇದೆ.
ಏತಪಾತ ಒಂದು: ಇದೆ, ಒಂದು ಕಡೆಯ ಹಿಡಿಕೆ ಇಲ್ಲ.
ಜೋಕಾಲಿ ನಾಲ್ಕು: ಕೊಂಡಿ ಎಂಟು, ಹಲಗೆ ಇಲ್ಲ, ಸರಪಳಿ ಇಲ್ಲ.
ಕೊನೆಯ ಎರಡು ಕೊಂಡಿಗೆ ಯಾರೋ ಹಗ್ಗ ಬಿಗಿದು
ಮೆಣಸಿನಕಾಯಿಯ ಖಾಲಿ ಚೀಲ ಕಟ್ಟಿದ್ದರು.
ಅದರಲ್ಲಿ ಕೂತ ಹುಡುಗ
ಉರಿ ಉರಿ ಎನ್ನುತ್ತ ಜಿಗಿಯುವನು,
ಚಡ್ಡಿ ಝಾಡಿಸಿ ಮತ್ತೆ ಕೂರುವನು.

"ಇದನ್ನ ದಾಸ್ತಾನಿಗೆ ತಗೊಂಡೀರೇನು?"
"ಇಲ್ರಿ ಸರ."
"ಹಂಗಾದ್ರ ಇದು ಇಲ್ಲ" ಎಂದು ಬರೆದುಕೊಂಡರು.
ಆಮೇಲೆ ಪೆನ್ನು ಕಿಸೆಗಿಟ್ಟು
ಇಲ್ಲದ ಆ ಜೋಕಾಲಿಯನ್ನು
ಹುಡುಗನ ಸಮೇತ ಒಮ್ಮೆ ಜೋರಾಗಿ ತೂಗಿದರು.

ಈ ವರ್ಷ ನಾಲ್ಕು ಲಕ್ಷ ಬರೆಯಲು ಕೈ ಬರಲಿಲ್ಲ.
ದುಂಡನೆಯ ಅಂಕಿ ಉರುಳಿಸಲು ಸಲೀಸು,
ಯಾವ ಗಟಾರಕ್ಕಾದರೂ ಉರುಳೀತು.
ಎರಡು ಭಾನುವಾರ ಅಂಗಡಿ ಸುತ್ತಿದೆ,
ಸರಪಳಿಯ ದರ ಕೇಳಿದೆ, ಹಲಗೆಯ ದರ ಕೇಳಿದೆ,
ತಗಡಿನವನು ಮದುವೆ ಏನಾದರೂ ಇದೆಯೇನು ಅಂದ.
ಕೂಡಿಸಿದರೆ ಬಂತು
ಮೂರು ಲಕ್ಷ ಎಂಬತ್ತೇಳು ಸಾವಿರದ ಆರುನೂರಾ ನಲವತ್ತು.

ಸಭೆ ಇಪ್ಪತ್ತೇ ನಿಮಿಷ.
ಚುರುಮುರಿ ಬರುವ ಮೊದಲೇ ರಸ್ತೆ ಮುಗಿದಿತ್ತು, ದೀಪ ಮುಗಿದಿತ್ತು.
ಅಧ್ಯಕ್ಷರ ಬೆರಳು ಮಾತ್ರ ಒಂದು ಸಾಲಿನಲ್ಲಿ ನಿಂತಿತು,
ಕಲ್ಲು ಸಿಕ್ಕ ಅಕ್ಕಿಯಲ್ಲಿ ನಿಂತ ಹಾಗೆ.
"ಏನವಾ, ಈ ನಲವತ್ತ ರೂಪಾಯಿ ಏನಿದು?"
"ಎಣ್ಣಿರಿ ಸರ. ಕೊಂಡಿಗೆ."
ಅವರು ನನ್ನ ಮುಖ ನೋಡಿದರು.
ನಾನು ಸೀನಿದೆ.
ಸಹಿ ಬಿತ್ತು.

ಜೂನಿನಲ್ಲಿ ಗಟಾರ ತುಂಬುತ್ತದೆ, ನನಗೆ ಗೊತ್ತು.
ಮೋಟಾರು ಸುಡುತ್ತದೆ, ಹಂದಿಗಳಂತೂ ಎಲ್ಲಿಗೂ ಹೋಗಿಲ್ಲ.
ತೆಗೆದುಕೊಳ್ಳಲಿ.
ಆದರೆ ಈ ಸಲ ಠರಾವಿನಲ್ಲಿ
ಬಿಡಿಬಿಡಿಯಾಗಿ ಬರೆದು ಓದಬೇಕಾದೀತು,
ಹಲಗೆ ನಾಲ್ಕು, ಸರಪಳಿ ಎಂಟು,
ಎಣ್ಣೆ.